ಸಣ್ಣ ಪ್ರೊಸೀಜರ್ ಅಂತೆ ಸ್ವಾಮೀ, ಬರೀ 32 ಲಕ್ಷ!

ಮೊನ್ನೆ ಶುಕ್ರವಾರ ರಾತ್ರಿ ಡೊಂಬಿವಲಿ ಸ್ಟೇಷನ್ನಿನಲ್ಲಿ ಲೋಕಲ್ ಇಳಿದು, ಬ್ರಿಡ್ಜಿನ ಮೇಲೆ ಅರ್ಧ ನಡೆದು ಅರ್ಧ ತಳ್ಳಿಸಿಕೊಂಡು ಬರ್ತಾ ಇದ್ದೆ. ಜೇಬಿನಲ್ಲಿ ಫೋನು ಟಿಣ್ ಅಂತು. ನಮ್ಮ ಸಂಘದ ವಾಟ್ಸಪ್ ಗುಂಪು. (ಯಾವ ಸಂಘ ಅಂತ ಕೇಳಬೇಡಿ. ಮುಂಬಯಿಯಲ್ಲಿ ಕನ್ನಡಿಗರಿಗಿಂತ ಕನ್ನಡ ಸಂಘಗಳೇ ಎರಡು ಜಾಸ್ತಿ ಇರಬೇಕು.) ಒಂದು ಬಣ್ಣಬಣ್ಣದ ಪೋಸ್ಟರು. ಕೆಂಪು ಹೃದಯ, ಅದರ ಮೇಲೆ ನಗುವ ಅಜ್ಜಿ. "ಆಪರೇಷನ್ ಇಲ್ಲದೆ ಹೃದಯದ ವಾಲ್ವ್ ರಿಪೇರಿ! ಎದೆ ಸೀಳುವುದಿಲ್ಲ! ಮೂರೇ ದಿನದಲ್ಲಿ ಮನೆಗೆ! ತಜ್ಞರಿಂದ ಉಚಿತ ಉಪನ್ಯಾಸ, ಹಿರಿಯರಿಗೆ ಉಚಿತ ಎಕೋ. ನಂತರ ಲಘು ಉಪಾಹಾರವಿದೆ."

ಮನೆ ಮುಟ್ಟುವಷ್ಟರಲ್ಲಿ ನಲವತ್ತೇಳು ಹೆಬ್ಬೆಟ್ಟು ಬಿದ್ದಿತ್ತು. ನಾನು ಒತ್ತಲಿಲ್ಲ. ಬದಲಿಗೆ ಒಂದು ಪ್ರಶ್ನೆ ಹಾಕಿದೆ: "ಇದು ಯಾರಿಗೆ ಬೇಕು, ಯಾರಿಗೆ ಬೇಡ, ಎಷ್ಟು ಖರ್ಚು ಅಂತ ಪೋಸ್ಟರಿನಲ್ಲಿ ಇಲ್ವಲ್ಲ?" ಐದು ನಿಮಿಷದಲ್ಲಿ ಕಾರ್ಯದರ್ಶಿಗಳ ಉತ್ತರ: "ನಿಮ್ದು ಯಾವಾಗ್ಲೂ ನೆಗೆಟಿವ್ ಮಾರಾಯ್ರೆ. ಒಳ್ಳೆ ಕೆಲಸಕ್ಕೆ ಅಡ್ಡಗಾಲು ಹಾಕ್ಬೇಡಿ." ಅದಕ್ಕೆ ಮತ್ತೆ ಹೆಬ್ಬೆಟ್ಟು.

ಸರಿ. ಗುಂಪಿನಲ್ಲಿ ಜಗಳ ಆಡೋದು ಬೇಡ, ಇಲ್ಲಿ ಬರೀತೀನಿ. ಇಲ್ಲಿ ನನ್ನ ಮಾತಿಗೆ ಅಡ್ಮಿನ್ ನಾನೇ!

ಮೊದಲಿಗೇ ಹೇಳಿಬಿಡ್ತೀನಿ, ನಾನು ಡಾಕ್ಟರಲ್ಲ. 1984ರಲ್ಲಿ ಕುಂದಾಪುರದ ಹತ್ತಿರದ ಹಳ್ಳಿಯಿಂದ ಬಂದು, ಹಗಲು ಕ್ಯಾಂಟೀನು, ರಾತ್ರಿ ಕನ್ನಡ ನೈಟ್ ಸ್ಕೂಲು, ಆಮೇಲೆ ಬಿ.ಕಾಂ. ಅಂತ ಮೇಲೆ ಬಂದ ಅಕೌಂಟ್ಸ್ ಮನುಷ್ಯ. ಆದರೆ ಈ ವಾಲ್ವಿನ ವಿಷಯದಲ್ಲಿ ನನಗೆ ಸ್ವಲ್ಪ ಗೊತ್ತು. ಯಾಕಂದ್ರೆ 2023ರಲ್ಲಿ ನಾನು ಇದೇ ಪೋಸ್ಟರಿಗೆ ಮರುಳಾಗಿ ಊರಿನ ಗದ್ದೆ ಮಾರಿಸೋಕೆ ಹೊರಟಿದ್ದೆ. ಆ ಕಥೆಗೆ ಆಮೇಲೆ ಬರ್ತೀನಿ.

ಹೃದಯದ ಎಡಗಡೆ ಮೇಲೊಂದು ಕೋಣೆ, ಕೆಳಗೊಂದು ಕೋಣೆ. ನಡುವಿನ ಬಾಗಿಲಿಗೆ ಮೈಟ್ರಲ್ ವಾಲ್ವ್ ಅಂತ ಹೆಸರು. ಕ್ರಿಶ್ಚಿಯನ್ ಬಿಷಪ್ಪರ ಟೋಪಿಯ ಆಕಾರ ಅಂತ ಹಾಗೆ ಕರೆದದ್ದು. ಆ ಬಾಗಿಲಿಗೆ ಎರಡು ಎಸಳು. ಶ್ವಾಸಕೋಶದಿಂದ ಬಂದ ರಕ್ತ ಮೇಲಿಂದ ಕೆಳಗೆ ಇಳೀಬೇಕು, ಕೆಳಗಿನ ಕೋಣೆ ಹಿಂಡಿದಾಗ ಬಾಗಿಲು ಗಟ್ಟಿಯಾಗಿ ಮುಚ್ಚಿ ರಕ್ತ ಮೈಗೆಲ್ಲ ಹೋಗಬೇಕು. ಮುಚ್ಚದೆ ಹೋದರೆ ಒಂದು ಪಾಲು ಬಂದ ದಾರಿಯಲ್ಲೇ ವಾಪಸ್. ಹಿಂದೆ ಶ್ವಾಸಕೋಶದ ಮೇಲೆ ಒತ್ತಡ. ಮಲಗಿದರೆ ಉಬ್ಬಸ, ನಾಲ್ಕು ಮೆಟ್ಟಿಲಿಗೆ ಏದುಸಿರು, ಸಂಜೆಗೆ ಪಾದ ಊತ. ಇದನ್ನೇ ವಾಲ್ವ್ ಲೀಕ್ ಅನ್ನೋದು.

ಇದಕ್ಕೆ ಎದೆ ತೆರೆದು, ಹೃದಯ ನಿಲ್ಲಿಸಿ, ರಕ್ತವನ್ನು ಯಂತ್ರಕ್ಕೆ ಕೊಟ್ಟು ರಿಪೇರಿ ಮಾಡೋದು ಹಳೇ ದಾರಿ. 1991ರಲ್ಲಿ ಇಟಲಿಯ ಒಟ್ಟಾವಿಯೋ ಆಲ್ಫಿಯೇರಿ ಅನ್ನೋ ಸರ್ಜನ್ ಒಂದು ಸರಳ ಉಪಾಯ ಮಾಡಿದರು. ಎರಡೂ ಎಸಳುಗಳ ಅಂಚನ್ನು ನಡುವಿನಲ್ಲಿ ಸೇರಿಸಿ ಹೊಲಿದುಬಿಟ್ಟರು. ಒಂದು ಬಾಗಿಲು ಎರಡು ಕಿಟಕಿ ಆಯಿತು, ರಕ್ತ ಇಳಿಯೋಕೆ ಜಾಗ ಉಳೀತು, ಸೋರೋದು ಕಮ್ಮಿ ಆಯಿತು. ಅದೇ ಹೊಲಿಗೆಯನ್ನು ಎದೆ ತೆರೆಯದೆ ಹಾಕೋದು ಹೇಗೆ ಅಂತ ಕ್ಯಾಲಿಫೋರ್ನಿಯಾದ ಎವಾಲ್ವ್ ಅನ್ನೋ ಸಣ್ಣ ಕಂಪನಿ ತಲೆಕೆಡಿಸಿಕೊಂಡು ಮಾಡಿದ್ದೇ ಮೈಟ್ರಾಕ್ಲಿಪ್. 2003ರಲ್ಲಿ ವೆನೆಜುವೆಲಾದ ಕರಾಕಸ್‌ನಲ್ಲಿ ಮೊದಲ ಬಾರಿ ಮನುಷ್ಯರಿಗೆ ಹಾಕಿದರು. 2009ರಲ್ಲಿ ಅಬಾಟ್ ಕಂಪನಿ ಎವಾಲ್ವನ್ನೇ ಕೊಂಡುಕೊಂಡಿತು. ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2013ರಲ್ಲಿ.

ಕೆಲಸ ನಡೆಯೋದು ಹೀಗೆ. ತೊಡೆಸಂದಿಯ ದೊಡ್ಡ ಸಿರೆಯಿಂದ ಪೆನ್ಸಿಲ್ ದಪ್ಪದ ಕ್ಯಾಥೆಟರ್ ಹೃದಯದ ಬಲಗಡೆಗೆ ಹೋಗುತ್ತೆ. ಅಲ್ಲಿಂದ ನಡುಗೋಡೆಗೆ ಸೂಜಿಯಿಂದ ತೂತು ಮಾಡಿ ಎಡಗಡೆಗೆ ದಾಟಿಸ್ತಾರೆ. ಅನ್ನನಾಳದೊಳಗೆ ಇಳಿಸಿದ ಎಕೋ ನಳಿಗೆಯ ಚಿತ್ರ ನೋಡ್ತಾ ನೋಡ್ತಾ, ಬಡಿಯುತ್ತಲೇ ಇರುವ ಹೃದಯದಲ್ಲಿ, ಕುಣಿಯುವ ಎರಡು ಎಸಳುಗಳನ್ನು ಒಟ್ಟಿಗೆ ಹಿಡಿದು ಕ್ಲಿಪ್ ಹಾಕಬೇಕು. ಬಟ್ಟೆ ಒಣಹಾಕೋ ಕ್ಲಿಪ್ಪಿನ ಹಾಗೆ ಅಂದ್ಕೊಳ್ಳಿ. ಬಿರುಗಾಳಿಯಲ್ಲಿ, ಪಕ್ಕದ ಕಟ್ಟಡದ ಟೆರೇಸಿನಿಂದ ಉದ್ದದ ಕೋಲು ಚಾಚಿ ಎರಡು ಸೀರೆಗೆ ಒಟ್ಟಿಗೆ ಕ್ಲಿಪ್ ಹಾಕಿದ ಹಾಗೆ! ಇದನ್ನು ಕಂಡುಹಿಡಿದವರಿಗೂ, ಮಾಡೋ ಕೈಗಳಿಗೂ ನನ್ನ ದೊಡ್ಡ ನಮಸ್ಕಾರ. ನನ್ನ ತಕರಾರು ಕ್ಲಿಪ್ಪಿನ ಮೇಲಿಲ್ಲ. "ಸಣ್ಣ ಪ್ರೊಸೀಜರ್" ಅನ್ನೋ ಮಾತಿನ ಮೇಲೆ.

ಈಗ ಬಾಗಿಲಿನ ವಿಷಯ ಇನ್ನೊಂಚೂರು. ನಮ್ಮೂರಿನ ಹೆಂಚಿನ ಮನೆಗಳಲ್ಲಿ ಬಾಗಿಲು ಮುಚ್ಚದೆ ಹೋಗೋದಕ್ಕೆ ಎರಡು ಕಾರಣ. ಒಂದು, ಬಾಗಿಲೇ ಹಾಳಾಗಿರುತ್ತೆ. ತಿರುಗಣಿ ಮುರಿದಿರುತ್ತೆ, ಹಲಗೆ ಸೀಳಿರುತ್ತೆ. ಇನ್ನೊಂದು, ಬಾಗಿಲು ಚೆನ್ನಾಗೇ ಇರುತ್ತೆ, ಮಳೆಗಾಲದಲ್ಲಿ ಗೋಡೆ ಕುಸಿದು ದಾರಂದ ಅಗಲ ಆಗಿರುತ್ತೆ. ವಾಲ್ವಿನಲ್ಲೂ ಹಾಗೇ. ಎಸಳೋ ಅದನ್ನು ಹಿಡಿದಿರುವ ದಾರವೋ ಹಾಳಾದದ್ದು ಒಂದು ಬಗೆ. ಹೃದಯದ ಮಾಂಸಖಂಡ ಸೋತು, ಕೆಳಗಿನ ಕೋಣೆ ಹಿಗ್ಗಿ, ಎಸಳುಗಳು ಒಂದಕ್ಕೊಂದು ಮುಟ್ಟದೇ ಹೋದದ್ದು ಇನ್ನೊಂದು ಬಗೆ. ಎಕೋ ರಿಪೋರ್ಟಿನ ಕೊನೆಯಲ್ಲಿ ಎರಡಕ್ಕೂ "ಸಿವಿಯರ್ ಎಂ.ಆರ್." ಅಂತಲೇ ಬರೆದಿರಬಹುದು. ಆದರೆ ಎರಡು ಬೇರೆ ಬೇರೆ ಕಾಯಿಲೆ ಸ್ವಾಮೀ! ಬಾಗಿಲು ಮುರಿದಿದ್ದರೆ ಆಚಾರಿಯನ್ನು ಕರೀತೀವಿ, ಗೋಡೆ ಕುಸಿದರೆ ಮೊದಲು ಗೋಡೆ ನೋಡ್ತೀವಿ. ಪೋಸ್ಟರಿನ ಅಜ್ಜಿಗೆ ಯಾವುದಾಗಿತ್ತು?

ನನ್ನ ಅಮ್ಮನಿಗೆ ಆಗಿದ್ದು ಎರಡನೆಯದು. ಆದರೆ ಅದನ್ನು ನನಗೆ ಮೊದಲು ಯಾರೂ ಹೇಳಲಿಲ್ಲ.

2023ರ ಮಾರ್ಚ್. ಅಮ್ಮನಿಗೆ ಆಗ ಎಪ್ಪತ್ತಾರು. ರಾತ್ರಿ ಮಲಗಿದ್ದವರು ಎದ್ದು ಕೂತು ಉಸಿರಿಗೆ ಒದ್ದಾಡ್ತಾರೆ ಅಂತ ಅತ್ತಿಗೆ ಫೋನು ಮಾಡಿದ್ದರು. ಅಣ್ಣ ಊರಲ್ಲೇ ಇರೋದು, ಗದ್ದೆ, ತೆಂಗು, ಒಂದಿಷ್ಟು ಗೇರು ನೋಡ್ಕೊಂಡು. ಅಲ್ಲೇ ತೋರಿಸ್ತೀನಿ ಅಂದ. ನಾನು ಕೇಳಬೇಕಲ್ಲ! "ಮುಂಬಯಿಗೆ ಕರ್ಕೊಂಡು ಬಾ, ಇಲ್ಲಿ ದೊಡ್ಡ ಡಾಕ್ಟರಿದ್ದಾರೆ" ಅಂತ ಹುಕುಂ ಮಾಡಿದೆ. ಮತ್ಸ್ಯಗಂಧಾದಲ್ಲಿ ಅಣ್ಣ ಕರ್ಕೊಂಡು ಬಂದ. ಅಮ್ಮ ರಾತ್ರಿಯಿಡೀ ಕೆಳಗಿನ ಬರ್ತಿನಲ್ಲಿ ಕೂತೇ ಬಂದರಂತೆ. ಇಳಿದ ತಕ್ಷಣ ಹೇಳಿದ್ದು, "ನಂಗೆಂತದೂ ಆಯ್ಲಿಲ್ಲ ಮಗಾ, ನೀ ಸುಮ್ನೆ ದುಡ್ಡ್ ಹಾಳ್ ಮಾಡ್ಬೇಡ." ಅಣ್ಣ ಎರಡು ದಿನ ಇದ್ದು ವಾಪಸ್ ಹೋದ. ತೋಟಕ್ಕೆ ನೀರು ಬಿಡೋರಿಲ್ಲ ಅಂತ.

ಗಾಜಿನ ಗೋಡೆ, ಕಾಫಿ ಅಂಗಡಿ ಎಲ್ಲ ಇರೋ ಒಂದು ಆಸ್ಪತ್ರೆಗೆ ಕರ್ಕೊಂಡು ಹೋದೆ. ಎಕೋ ಆಯಿತು. ಹೃದಯದ ಪಂಪಿಂಗ್, ಅದೇ ಇ.ಎಫ್. ಅಂತಾರಲ್ಲ, 28. ಸಿವಿಯರ್ ಲೀಕ್. ಡಾಕ್ಟರು ಒಳ್ಳೆಯವರೇ, ಮಾತು ಮೃದು. ಏಳೆಂಟು ನಿಮಿಷ ಸಿಕ್ಕರು. "ಈ ವಯಸ್ಸಿಗೆ ಓಪನ್ ಹಾರ್ಟ್ ಬೇಡ ಸರ್. ಈಗ ಹೊಸದು ಬಂದಿದೆ. ಸಣ್ಣ ಪ್ರೊಸೀಜರ್. ತೊಡೆಯಲ್ಲಿ ಒಂದು ತೂತು ಅಷ್ಟೇ." ಆಮೇಲೆ ಕೌನ್ಸೆಲರ್ ಅಂತ ಒಬ್ಬ ಹುಡುಗಿ, ನೀಲಿ ಕೋಟು. ಕೈಯಲ್ಲಿ ಟ್ಯಾಬು, ಅದರಲ್ಲಿ ಒಂದು ಕಾರ್ಟೂನು. ಬಣ್ಣದ ಹೃದಯ, ನಳಿಗೆ ಬರುತ್ತೆ, ಟಪ್ ಅಂತ ಕ್ಲಿಪ್, ಲೀಕ್ ಮಾಯ! ನೀಲಿ ಫೈಲೊಂದು ಕೊಟ್ಟಳು. ಅದರಲ್ಲಿ ಎಸ್ಟಿಮೇಟು. 32 ಲಕ್ಷ. "ಮುಂದಿನ ಗುರುವಾರ ಸ್ಲಾಟ್ ಇದೆ ಅಂಕಲ್, ಬ್ಲಾಕ್ ಮಾಡ್ಲಾ?" ಅಂದಳು. ಸಿನಿಮಾ ಟಿಕೆಟ್ಟಿನ ಹಾಗೆ.

ಎಸ್ಟಿಮೇಟನ್ನು ಸಾಲು ಸಾಲಾಗಿ ಓದೋದು ನನ್ನ ಹೊಟ್ಟೆಪಾಡು. ನಲವತ್ತು ವರ್ಷದಿಂದ ಅದನ್ನೇ ಮಾಡ್ತಿದ್ದೀನಿ. ಆ ದಿನ ಓದಲಿಲ್ಲ. ಯಾಕೆ ಗೊತ್ತಾ? ನಮ್ಮಂಥವರ ಎದೆಯಲ್ಲೇ ಒಂದು ಲೀಕ್ ಇರುತ್ತೆ ಕಣ್ರೀ. ಹದಿನಾರನೇ ವಯಸ್ಸಿಗೆ ಊರು ಬಿಟ್ಟು ಬಂದು, ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಹತ್ತು ದಿನ ಹೋಗಿ, ಅಮ್ಮನಿಗೆ ಒಂದು ಸೀರೆ, ಒಂದು ಮಿಕ್ಸಿ ಕೊಟ್ಟು ಬಂದವರು ನಾವು. ಅಪ್ಪ ಹೋದಾಗ ನನಗೆ ರೈಲು ಸಿಗಲಿಲ್ಲ, ಮುಖ ಕಂಡಿದ್ದು ಸ್ಮಶಾನದಲ್ಲಿ. ಅಂಥವನ ಮುಂದೆ ಯಾರಾದರೂ "32 ಲಕ್ಷ ಕೊಟ್ಟರೆ ಅಮ್ಮ ಮೂರು ದಿನದಲ್ಲಿ ನಡೀತಾರೆ" ಅಂದರೆ ಅವನು ಲೆಕ್ಕ ನೋಡ್ತಾನಾ? ಕೊಟ್ಟುಬಿಡ್ತಾನೆ. ದುಡ್ಡು ಹೆಚ್ಚಾದಷ್ಟೂ ಹಗುರ ಅನ್ಸುತ್ತೆ ಅವನಿಗೆ. ಅದು ಅವರಿಗೆ ಚೆನ್ನಾಗಿ ಗೊತ್ತು. ಉಚಿತ ಉಪನ್ಯಾಸವನ್ನು ಮುಂಬಯಿಯ ಸಂಘಗಳಲ್ಲಿ ಸುಮ್ಮನೆ ಇಡೋದಿಲ್ಲ.

ಕಂಪನಿ ಇನ್ಶೂರೆನ್ಸಿನಲ್ಲಿ ಅಪ್ಪ ಅಮ್ಮನಿಗೆ ಇದ್ದದ್ದು ಐದು ಲಕ್ಷ. ಪಿ.ಎಫ್. ಎಲ್ಲ ಬಳಿದರೂ ಹದಿನೈದು ದಾಟಲ್ಲ. ಅಣ್ಣನಿಗೆ ಫೋನು ಮಾಡಿ ಕೆಳಗಿನ ಗದ್ದೆ ಮಾರುವ ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಮಾರ್ಲಕ್ ಮಾರಾಯ. ಆರೆ ಒಂದ್ ಕೇಂತೆ, ಮದ್ದ್ ಸಮಾ ಕೊಟ್ಟ್ ಕಂಡ್ರಾ ಅವ್ರ್?" ಅಂದ.

ನಾನು ರೇಗಿಬಿಟ್ಟೆ. ನಿನಗೆ ಅಮ್ಮನಿಗಿಂತ ಗದ್ದೆ ದೊಡ್ಡದು ಅಂದುಬಿಟ್ಟೆ. ಮೂವತ್ತೊಂಬತ್ತು ವರ್ಷ ಅಮ್ಮನ ಜೊತೆ ಇದ್ದವನಿಗೆ, ವರ್ಷಕ್ಕೆ ಹತ್ತು ದಿನ ಹೋಗೋವನು ಹೇಳಿದ ಮಾತು! ಅವನು ಫೋನು ಇಟ್ಟ.

ರಾತ್ರಿ ನಿದ್ದೆ ಬರಲಿಲ್ಲ. ಅಮ್ಮನ ಮಾತ್ರೆಯ ಡಬ್ಬಿ ತೆಗೆದು ನೋಡಿದೆ. ಒಂದು ಬಿ.ಪಿ. ಮಾತ್ರೆ, ಅರ್ಧ ಲ್ಯಾಸಿಕ್ಸ್. ಅಷ್ಟೇ. ಆ ಗಾಜಿನ ಆಸ್ಪತ್ರೆಯಲ್ಲಿ ಆ ಡಬ್ಬಿಯನ್ನು ಯಾರೂ ಕೇಳಿರಲಿಲ್ಲ. ಪ್ಯಾನ್ ಕಾರ್ಡ್ ಕೇಳಿದ್ದರು.

ಬೆಳಿಗ್ಗೆ ಆಫೀಸಿನ ಗೆಳೆಯರೊಬ್ಬರು ಹೇಳಿದ ಮೇಲೆ ಒಂದು ಸರ್ಕಾರಿ ಆಸ್ಪತ್ರೆಯ ಓ.ಪಿ.ಡಿ.ಗೆ ಹೋದೆವು. ನಾಲ್ಕು ಗಂಟೆ ಕ್ಯೂ. ಅಮ್ಮ ಸ್ಟೂಲಿನ ಮೇಲೆ ಕೂತು ಪಕ್ಕದ ಮರಾಠಿ ಅಜ್ಜಿಯ ಜೊತೆ ಕೈಸನ್ನೆಯಲ್ಲೇ ಸಂಸಾರದ ಕಥೆ ಎಲ್ಲ ಮುಗಿಸಿದರು. ಹಿರಿಯ ಡಾಕ್ಟರು ರಿಪೋರ್ಟು ನೋಡಿ ಕೇಳಿದ ಮೊದಲ ಪ್ರಶ್ನೆ, "ಯಾವ ಯಾವ ಮಾತ್ರೆ, ಎಷ್ಟು ದಿನದಿಂದ?" ಡಬ್ಬಿ ತೋರಿಸಿದೆ. ಅವರು ನಕ್ಕರು, ಕೋಪ ಬಂದಾಗ ನಗ್ತಾರಲ್ಲ ಹಾಗೆ. ಆಮೇಲೆ ಹಿಂದಿಯಲ್ಲಿ ವಿವರಿಸಿದರು. ಇವರ ವಾಲ್ವ್ ಕೆಟ್ಟಿಲ್ಲ, ಮಾಂಸಖಂಡ ಸೋತಿದೆ. ಅದಕ್ಕೆ ನಾಲ್ಕು ಬಗೆಯ ಮದ್ದಿದೆ. ಸಣ್ಣ ಡೋಸಿನಿಂದ ಶುರುಮಾಡಿ, ರಕ್ತದ ಪೊಟ್ಯಾಸಿಯಂ, ಕಿಡ್ನಿ, ಬಿ.ಪಿ. ನೋಡ್ತಾ ನೋಡ್ತಾ ಏರಿಸಬೇಕು. ಮೂರು ನಾಲ್ಕು ತಿಂಗಳಾದ ಮೇಲೆ ಮತ್ತೆ ಎಕೋ. ಆಗಲೂ ಲೀಕ್ ಹೀಗೇ ಇದ್ದು, ಉಬ್ಬಸ ಬಿಡದೇ ಇದ್ದರೆ ಕ್ಲಿಪ್ಪಿನ ಮಾತು ಆಡೋಣ. "ಆಗ ನಾನೇ ಬರೆದುಕೊಡ್ತೀನಿ" ಅಂದರು.

ಸಕುಬಿಟ್ರಿಲ್-ವಲ್ಸಾರ್ಟನ್, ಒಂದು ಬೀಟಾ ಬ್ಲಾಕರ್, ಸ್ಪೈರೊನೊಲ್ಯಾಕ್ಟೋನ್, ಡಪಾಗ್ಲಿಫ್ಲೋಜಿನ್. ಹೆಸರು ಕೇಳಿದರೆ ಮಂತ್ರ ಇದ್ದ ಹಾಗಿದೆ. ಇದರಲ್ಲಿ ಮೊದಲನೆಯದು ಮುಂಚೆ ಬಹಳ ದುಬಾರಿ. 2023ರ ಹೊತ್ತಿಗೆ ನಮ್ಮ ದೇಶದ ಕಂಪನಿಗಳೂ ಮಾಡತೊಡಗಿ ಬೆಲೆ ಇಳಿದಿತ್ತು. ತಿಂಗಳಿಗೆ ಎಲ್ಲ ಸೇರಿ ಎರಡೂವರೆ ಸಾವಿರದ ಹತ್ತಿರ ನನಗೆ ಬಿದ್ದದ್ದು. ಸುಲಭ ಆಗಿರಲಿಲ್ಲ. ಎರಡನೇ ವಾರ ಅಮ್ಮನಿಗೆ ಬಿ.ಪಿ. ಇಳಿದು ತಲೆಸುತ್ತು. ಒಂದು ಡೋಸು ಹಿಂದೆ ಹೋಗಿ ಮತ್ತೆ ಮುಂದೆ ಬರಬೇಕಾಯ್ತು. ಉಪ್ಪಿನಕಾಯಿ ನಿಲ್ಲಿಸಿದಾಗ ಮನೆಯಲ್ಲಿ ಯುದ್ಧ. ನಾಲ್ಕು ತಿಂಗಳ ಮೇಲೆ ಎಕೋ ಮಾಡಿಸಿದಾಗ ಇ.ಎಫ್. 37. ಲೀಕ್ ಸಿವಿಯರ್‌ನಿಂದ ಮಾಡರೇಟಿಗೆ ಬಂದಿತ್ತು. ಗೋಡೆ ಒಂಚೂರು ನೆಟ್ಟಗಾಗಿತ್ತು, ಬಾಗಿಲು ತಾನೇ ಹತ್ತಿರ ಬಂದಿತ್ತು.

ಅಮ್ಮ ಪೂರ್ತಿ ಗುಣ ಆದರು ಅಂತ ಹೇಳ್ತಾ ಇಲ್ಲ. ದೇವಸ್ಥಾನದ ಮೆಟ್ಟಿಲು ಹತ್ತೋಕೆ ಈಗಲೂ ಆಗಲ್ಲ. ಆದರೆ ಮಲಗಿ ನಿದ್ದೆ ಮಾಡ್ತಾರೆ. ಚಾವಡಿಯಲ್ಲಿ ಕೂತು ಬರೋರು ಹೋಗೋರನ್ನೆಲ್ಲ ವಿಚಾರಿಸ್ತಾರೆ. ಗದ್ದೆಯೂ ಇದೆ.

"ನಿಮ್ಮಮ್ಮನಿಗೆ ಮದ್ದಿನಲ್ಲಿ ಆಯ್ತು, ಎಲ್ಲರಿಗೂ ಆಗುತ್ತಾ?" ಅಂತ ಕೇಳ್ತೀರಿ. ಆಗಲ್ಲ! ಅದನ್ನೇ ನಾನೂ ಹೇಳ್ತಿರೋದು. 2018ರಲ್ಲಿ ಎರಡು ದೊಡ್ಡ ಪರೀಕ್ಷೆಗಳ ಫಲಿತಾಂಶ ಬಂತು, ಎರಡೂ ಅಮ್ಮನಂಥವರ ಮೇಲೇ, ಅಂದರೆ ಹೃದಯ ಸೋತು ವಾಲ್ವ್ ಸೋರುವವರ ಮೇಲೆ. ಅಮೆರಿಕ ಕೆನಡಾದಲ್ಲಿ ನಡೆದ ಕೋಆಪ್ಟ್‌ನಲ್ಲಿ 614 ಮಂದಿ. ಎರಡು ವರ್ಷದಲ್ಲಿ ಬರೀ ಮದ್ದಿನ ಗುಂಪಿನಲ್ಲಿ ನೂರಕ್ಕೆ 46 ಮಂದಿ ತೀರಿಕೊಂಡರೆ, ಮದ್ದಿನ ಜೊತೆ ಕ್ಲಿಪ್ಪೂ ಹಾಕಿಸಿಕೊಂಡ ಗುಂಪಿನಲ್ಲಿ 29. ಸಣ್ಣ ವ್ಯತ್ಯಾಸವಾ ಇದು? ಅದೇ ವರ್ಷ ಫ್ರಾನ್ಸಿನ ಮೈಟ್ರಾ-ಎಫ್ಆರ್‌ನಲ್ಲಿ 304 ಮಂದಿ. ಒಂದು ವರ್ಷದಲ್ಲಿ ಸತ್ತವರು ಅಥವಾ ಹೃದಯ ಸೋತು ಆಸ್ಪತ್ರೆ ಸೇರಿದವರು ಕ್ಲಿಪ್ ಗುಂಪಿನಲ್ಲಿ ನೂರಕ್ಕೆ 54.6, ಮದ್ದಿನ ಗುಂಪಿನಲ್ಲಿ 51.3. ಅಂದರೆ ಲಾಭವೇ ಕಾಣಲಿಲ್ಲ!

ಅದೇ ಕ್ಲಿಪ್, ಅದೇ ಕಾಯಿಲೆಯ ಹೆಸರು, ಫಲಿತಾಂಶ ಮಾತ್ರ ಬೇರೆ. ಯಾಕೆ ಅಂತ ತಿಳಿದವರು ವರ್ಷಗಟ್ಟಲೆ ಚರ್ಚೆ ಮಾಡಿದ್ದಾರೆ. ಮುಖ್ಯವಾಗಿ ಹೇಳೋದು ಇಷ್ಟು. ಕೋಆಪ್ಟ್‌ನಲ್ಲಿ ತಡೆಯುವಷ್ಟು ಮದ್ದು ಕೊಟ್ಟ ಮೇಲೂ ಕಷ್ಟ ಉಳಿದವರನ್ನೇ ಒಂದು ಸಮಿತಿ ಕೂತು ಆರಿಸಿತ್ತು. ಅವರ ಲೀಕ್ ದೊಡ್ಡದು, ಕೋಣೆ ವಿಪರೀತ ಹಿಗ್ಗಿರಲಿಲ್ಲ. ಫ್ರಾನ್ಸಿನವರಲ್ಲಿ ಲೀಕ್ ಅಷ್ಟು ದೊಡ್ಡದಲ್ಲ, ಕೋಣೆ ಹೆಚ್ಚು ಹಿಗ್ಗಿತ್ತು. ಆಮೇಲೆ 2024ರಲ್ಲಿ ರೀಶೇಪ್ ಅಂತ 505 ಮಂದಿಯ ಇನ್ನೊಂದು ಪರೀಕ್ಷೆ ಕ್ಲಿಪ್ಪಿನ ಪರವಾಗೇ ಬಂತು, ನಾನು ಮುಚ್ಚಿಡಲ್ಲ. ಹಾಗೇ ಇದನ್ನೂ ಮುಚ್ಚಿಡಬಾರದು: ಕೋಆಪ್ಟ್‌ನಲ್ಲೇ ಐದು ವರ್ಷ ಆಗುವಾಗ ಕ್ಲಿಪ್ ಹಾಕಿದವರಲ್ಲೂ ನೂರಕ್ಕೆ 57 ಮಂದಿ ಇರಲಿಲ್ಲ, ಹಾಕದವರಲ್ಲಿ 67. ಸಹಾಯ ಹೌದು. "ವಾಲ್ವ್ ರಿಪೇರಿ, ಮೂರು ದಿನದಲ್ಲಿ ಮನೆಗೆ" ಅಂದರೆ ಕೇಳೋರ ತಲೆಯಲ್ಲಿ ಮೂಡೋ ಚಿತ್ರ ಇದಾ?

ನಮ್ಮ ಸೊಸೈಟಿಯ ಬಿ ವಿಂಗಿನಲ್ಲಿ ಒಬ್ಬರು ಶೆಟ್ರಿದ್ದಾರೆ, ಎಂಬತ್ತು ದಾಟಿದೆ. ಹಿಂದೊಮ್ಮೆ ಬೈಪಾಸ್ ಆಗಿತ್ತು. ಎಸಳು ಹಿಡಿದಿರೋ ದಾರ ಒಂದು ದಿನ ತಟ್ಟನೆ ಹರಿದು, ನೀರಲ್ಲಿ ಮುಳುಗಿದವರ ಹಾಗೆ ಉಸಿರು ಕಟ್ಟಿ ಐ.ಸಿ.ಯು. ಸೇರಿದರು. ಮತ್ತೆ ಎದೆ ತೆರೆಯೋದು ಅಪಾಯ ಅಂತ ಸರ್ಜನ್, ಕಾರ್ಡಿಯಾಲಜಿಸ್ಟ್ ಇಬ್ಬರೂ ಕೂತು ತೀರ್ಮಾನ ಮಾಡಿ ಕ್ಲಿಪ್ ಹಾಕಿದರು. ಈಗ ಬೆಳಿಗ್ಗೆ ಗಾರ್ಡನ್ನಿನಲ್ಲಿ ನನಗಿಂತ ಜೋರಾಗಿ ನಡೀತಾರೆ. ಅವರಿಗೆ ಅದು ಬೇಕಿತ್ತು. ಮಕ್ಕಳು ಎರಡು ಹೋಟೆಲಿನ ದುಡ್ಡು ಸುರಿದರು, ಸರಿಯಾಗಿಯೇ ಸುರಿದರು.

ಇನ್ನು ಪುಣೆಯಲ್ಲಿರೋ ನನ್ನ ಭಾವ. ಐವತ್ತೆರಡು ವಯಸ್ಸು, ಗಟ್ಟಿ ಆಳು, ಎಸಳು ಸಡಿಲ ಆಗಿ ಜೋರು ಲೀಕ್. ಸರ್ಜನ್ ಹೇಳಿದ್ದು, ಈಗಲೇ ಆಪರೇಷನ್ ಮಾಡಿ ನಿಮ್ಮ ವಾಲ್ವನ್ನೇ ರಿಪೇರಿ ಮಾಡ್ತೀನಿ, ಆಮೇಲೆ ಎಲ್ಲರ ಹಾಗೆ ಬದುಕಬಹುದು ಅಂತ. ಭಾವನಿಗೆ ಯಾರೋ ಫಾರ್ವರ್ಡ್ ಕಳಿಸಿದರು, ಎದೆ ಸೀಳೋದು ಬೇಡ, ಕ್ಲಿಪ್ ಬಂದಿದೆ ಅಂತ. ಎಂಟು ತಿಂಗಳು ಆಸ್ಪತ್ರೆಯಿಂದ ಆಸ್ಪತ್ರೆಗೆ ಕ್ಲಿಪ್ ಹಾಕೋರನ್ನು ಹುಡುಕಿಕೊಂಡು ತಿರುಗಿದ. ಅಷ್ಟರಲ್ಲಿ ಹೃದಯ ಹಿಗ್ಗತೊಡಗಿತ್ತು. ಕೊನೆಗೆ ಆಪರೇಷನ್ನೇ ಆಯಿತು, ಆದರೆ ಮೊದಲೇ ಆಗಬೇಕಿತ್ತು. ಎವರೆಸ್ಟ್ ಅಂತ ಒಂದು ಪರೀಕ್ಷೆ, 2011ರಲ್ಲಿ ಪ್ರಕಟವಾದದ್ದು, 279 ಮಂದಿಯಲ್ಲಿ ಕ್ಲಿಪ್ಪನ್ನೂ ಆಪರೇಷನ್ನನ್ನೂ ಹೋಲಿಸಿತ್ತು. ಒಂದು ವರ್ಷದೊಳಗೆ ವಾಲ್ವಿಗೆ ಆಪರೇಷನ್ ಬೇಕಾದವರು ಕ್ಲಿಪ್ ಗುಂಪಿನಲ್ಲಿ ನೂರಕ್ಕೆ 20, ಮೊದಲೇ ಆಪರೇಷನ್ ಆಗಿದ್ದವರಲ್ಲಿ ಮತ್ತೆ ಬೇಕಾದದ್ದು 2. ಕ್ಲಿಪ್ ಹಾಕಿದ ಮೇಲೆ ಆಪರೇಷನ್ ಮಾಡೋದಾದರೆ ಅದೇ ವಾಲ್ವನ್ನು ಉಳಿಸಿಕೊಳ್ಳೋದು ಕಷ್ಟ, ಬಹಳಷ್ಟು ಸಲ ಬದಲಾಯಿಸಲೇಬೇಕಾಗುತ್ತೆ. ನೋಡಿ, "ಆಪರೇಷನ್ ಇಲ್ಲದೆ" ಅನ್ನೋ ಎರಡು ಪದ ಒಬ್ಬರ ಗದ್ದೆ ಮಾರಿಸುತ್ತೆ, ಇನ್ನೊಬ್ಬರ ಹೃದಯ ಹಾಳುಮಾಡುತ್ತೆ.

ಬೆಲೆಯ ಮಾತು. 2017ರ ಫೆಬ್ರವರಿಯಲ್ಲಿ ಸರ್ಕಾರ ಸ್ಟೆಂಟಿಗೆ ಗರಿಷ್ಠ ಬೆಲೆ ಕಟ್ಟಿತು, ಮದ್ದು ಲೇಪಿಸಿದ್ದಕ್ಕೆ 29,600 ರೂಪಾಯಿ. ಅದಕ್ಕೆ ಮುಂಚೆ ಅದೇ ಸ್ಟೆಂಟು ಲಕ್ಷ ದಾಟಿ ಹೋಗ್ತಿತ್ತು. ಆಗಲೂ ಕೆಲವು ಕಂಪನಿಗಳು ನಮ್ಮ ದುಬಾರಿ ಮಾಲು ವಾಪಸ್ ತಗೋತೀವಿ ಅಂತ ಹೆದರಿಸಿದವು. ಆಕಾಶ ಬೀಳಲಿಲ್ಲ, ಸ್ಟೆಂಟು ಹಾಕೋದು ನಿಲ್ಲಲಿಲ್ಲ. ಕ್ಲಿಪ್ಪಿಗೆ ಅಂಥ ಮಿತಿ ಇಲ್ಲ. ಎಪ್ಪತ್ತು ದಾಟಿದ ಎಲ್ಲರಿಗೂ 2024ರ ಅಕ್ಟೋಬರಿನಿಂದ ಆಯುಷ್ಮಾನ್ ಕಾರ್ಡ್ ಇದೆ, ವರ್ಷಕ್ಕೆ ಐದು ಲಕ್ಷ. ಐದು ಎಲ್ಲಿ, 32 ಎಲ್ಲಿ?

ಕೊನೆಗೆ ಇನ್ನೊಂದು, ಇದನ್ನು ಹೇಳದೆ ಬಿಡೋಕಾಗಲ್ಲ. ನಮ್ಮ ಪಕ್ಕದ ಕಟ್ಟಡದ ವಾಚ್‌ಮನ್ ಯಾದಗಿರಿ ಕಡೆಯವರು. ಅವರ ಮಗಳಿಗೆ ಹದಿನಾರು. ಹೋದ ವರ್ಷ ಸಂಘದ ಶಿಬಿರಕ್ಕೆ ನಾನೇ ಕರ್ಕೊಂಡು ಹೋದೆ. ಲೀಕೂ ಇದೆ, ಬಾಗಿಲು ಕಿರಿದೂ ಆಗಿದೆ. ಚಿಕ್ಕಂದಿನಲ್ಲಿ ಗಂಟಲು ನೋವು, ಜ್ವರ, ಕೀಲು ಬಾವು ಬಂದು ಹೋಗುತ್ತಲ್ಲ, ಆ ರುಮ್ಯಾಟಿಕ್ ಜ್ವರ ಕಚ್ಚಿ ಹೋದ ಹೃದಯ. ಬಡವರ ಮಕ್ಕಳ ವಾಲ್ವ್ ಕೆಡೋದು ಹೆಚ್ಚಾಗಿ ಹೀಗೇ. ಮೊದಲೇ ಕಿರಿದಾದ ಬಾಗಿಲಿಗೆ ಕ್ಲಿಪ್ ಹಾಕಿದರೆ ಇನ್ನೂ ಕಿರಿದಾಗುತ್ತೆ, ಹಾಗಾಗಿ ಆ ಹುಡುಗಿಗೆ ಕ್ಲಿಪ್ಪು ಸಲ್ಲದು. ಶಿಬಿರದವರು ಒಂದು ಚೀಟಿ ಕೊಟ್ಟು ಕಳಿಸಿದರು, ಮತ್ತೆ ಯಾರೂ ಫೋನು ಮಾಡಲಿಲ್ಲ. ಶೆಟ್ರ ಮನೆಗೆ, ನನ್ನ ಮನೆಗೆ ಮಾತ್ರ ಇಂದಿಗೂ "ಫಾಲೋ ಅಪ್" ಫೋನು ಬರುತ್ತೆ!

ಆಮೇಲೆ ಸರ್ಕಾರಿ ಆಸ್ಪತ್ರೆಯಲ್ಲೇ ಆಪರೇಷನ್ ಆಗಿ ಚಿತ್ರಾ ವಾಲ್ವ್ ಹಾಕಿದರು. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ಡಾ. ವಲಿಯತ್ತಾನ್ ಮತ್ತು ಅವರ ತಂಡ ವರ್ಷಗಟ್ಟಲೆ ಒದ್ದಾಡಿ ಮಾಡಿದ ವಾಲ್ವ್, ಮೊದಲು ರೋಗಿಗೆ ಹಾಕಿದ್ದು 1990ರ ಡಿಸೆಂಬರಿನಲ್ಲಿ. ಅದೇ ವಲಿಯತ್ತಾನ್ ಆಮೇಲೆ ನಮ್ಮ ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿ ಬಂದರು, 2024ರಲ್ಲಿ ತೀರಿಕೊಂಡರು. ನಮ್ಮ ಸಂಘದಲ್ಲಿ ಎಷ್ಟು ಜನಕ್ಕೆ ಅವರ ಹೆಸರು ಗೊತ್ತು? ಆ ಹುಡುಗಿಗೆ ಇನ್ನು ಜೀವನಪೂರ್ತಿ ರಕ್ತ ತೆಳುವಾಗಿಸೋ ಮಾತ್ರೆ. ಜೊತೆಗೆ ಮೂರು ವಾರಕ್ಕೊಂದು ಪೆನಿಸಿಲಿನ್ ಇಂಜೆಕ್ಷನ್, ನೂರು ರೂಪಾಯಿಯೂ ಆಗದ್ದು. ಅದು ಮೊದಲೇ ಸರಿಯಾಗಿ ಸಿಕ್ಕಿದ್ದರೆ ವಾಲ್ವ್ ಈ ಮಟ್ಟಕ್ಕೆ ಬರ್ತಿರಲಿಲ್ಲವೇನೋ. ಈಗಲೂ ಅದು ಅಂಗಡಿಯಲ್ಲಿ ಒಮ್ಮೊಮ್ಮೆ ಸಿಗಲ್ಲ. ಹೋದ ತಿಂಗಳು ಡೊಂಬಿವಲಿಯಲ್ಲಿ ಇಲ್ಲದೆ ನಾನೇ ಠಾಣೆಯವರೆಗೆ ಹುಡುಕಿಕೊಂಡು ಹೋದೆ. ಲಾಭ ಇಲ್ಲದ ಮದ್ದಿಗೆ ಪೋಸ್ಟರು ಮಾಡೋರು ಯಾರು? ಗಂಟಲು ನೋವಿನ ಮೇಲೆ ಉಪನ್ಯಾಸ ಇಟ್ಟರೆ ಕೇಸರಿಬಾತ್ ಯಾರ ಲೆಕ್ಕಕ್ಕೆ?

"ಅವರು ಹಾಲ್ ಬಾಡಿಗೆ ಕೊಡ್ತಾರೆ, ಉಪಾಹಾರ ಕೊಡ್ತಾರೆ, ಸಂಘಕ್ಕೆ ಖರ್ಚಿಲ್ಲ" ಅಂತ ಕಾರ್ಯದರ್ಶಿಗಳು ಹೇಳ್ತಾರೆ. ಗೊತ್ತು. ನಾಡಹಬ್ಬಕ್ಕೂ ಅವರದೇ ಬ್ಯಾನರು. ಆದರೆ ಆ ಹಾಲಿನಲ್ಲಿ ಕೂರೋರು ಯಾರು? ಮುಂದಿನ ಸಾಲಿನಲ್ಲಿ ಎದೆ ಹಿಡಿದುಕೊಂಡ ಹಿರಿಯರು, ಹಿಂದಿನ ಸಾಲಿನಲ್ಲಿ ಊರಲ್ಲಿ ಅಮ್ಮನನ್ನು ಬಿಟ್ಟು ಬಂದ ನನ್ನಂಥ ಮಕ್ಕಳು. ಸಂಘದ ಹೆಸರಿನ ಕೆಳಗೆ ಹೇಳಿದ ಮಾತನ್ನು ಅವರು ನಂಬ್ತಾರೆ. ಕನ್ನಡದಲ್ಲಿ ಹೇಳಿದರಂತೂ ಇನ್ನೂ ಹೆಚ್ಚು ನಂಬ್ತಾರೆ. ಆ ನಂಬಿಕೆಯನ್ನು ಎರಡು ಪ್ಲೇಟು ಉಪ್ಪಿಟ್ಟಿಗೆ ಬಾಡಿಗೆ ಕೊಡಬೇಡಿ.

ಉಪನ್ಯಾಸ ನಿಲ್ಲಿಸಿ ಅಂತ ನಾನು ಹೇಳ್ತಿಲ್ಲ. ಮಾಡಿ. ಕ್ಲಿಪ್ ಹಾಕೋ ಡಾಕ್ಟರ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿ, ಕ್ಲಿಪ್ ಮಾರದ ಒಬ್ಬ ಸರ್ಜನ್ನೋ ಸರ್ಕಾರಿ ಆಸ್ಪತ್ರೆಯ ಹಿರಿಯರೋ ಕೂತಿರಲಿ. ಬೆಲೆಯನ್ನು ಪೋಸ್ಟರಿನ ಮೇಲೆ ಬರೀರಿ, ಅಜ್ಜಿಯ ನಗುವಿನಷ್ಟೇ ದೊಡ್ಡದಾಗಿ. ಎಕೋ ಮಾಡಿದ ಮೇಲೆ ಫೋನ್ ನಂಬರ್ ಬರೆದುಕೊಳ್ಳೋ ಬದಲು ಮಾತ್ರೆ ಡಬ್ಬಿ ತೆರೆದು ನೋಡೋರು ಒಬ್ಬರಿರಲಿ.

ಅಣ್ಣ? ಅವನು ಆ ಮಾತು ಮತ್ತೆ ಎತ್ತಲೇ ಇಲ್ಲ. ಆ ವರ್ಷ ನಾನು ಚೌತಿಗೆ ಊರಿಗೆ ಹೋದಾಗ ಕೆಳಗಿನ ಗದ್ದೆಯ ಅಂಚಿನ ಮೇಲೆ ಇಬ್ಬರೂ ನಡ್ಕೊಂಡು ಹೋದೆವು. ಕ್ಷಮೆ ಕೇಳಬೇಕು ಅಂತಿದ್ದೆ. ಅವನು ನೀರಿನ ಕಟ್ಟ ತೋರಿಸ್ತಾ ಬೇರೇನೋ ಹೇಳ್ತಿದ್ದ. ಕೇಳೋಕಾಗಲಿಲ್ಲ. ಅವನು ವಾಟ್ಸಪ್ ನೋಡ್ತಾನೆ, ಮಗ ಇದನ್ನು ಓದಿ ಹೇಳಬಹುದು.

ಭಾನುವಾರ ಬೆಳಿಗ್ಗೆ ಹತ್ತೂವರೆಗೆ ನಾನು ಹಾಲಿನಲ್ಲಿ ಇರ್ತೀನಿ, ಮೂರನೇ ಸಾಲು. ಆ ನೀಲಿ ಫೈಲೂ ತರ್ತೀನಿ. ಪ್ರಶ್ನೋತ್ತರಕ್ಕೆ ಹದಿನೈದು ನಿಮಿಷ ಅಂತ ಪೋಸ್ಟರಿನಲ್ಲಿದೆ.